ಮೋಟಾರಿನ ಲೆಕ್ಕವೂ ಕನ್ನಡದ ಮಾತೂ

ಕನ್ನಡ ವಿಷಯವನ್ನು ಕಲಿಸುವ ಶಿಕ್ಷಕನು ವಿದ್ಯುತ್ ಮೋಟಾರಿನ ಲೆಕ್ಕದಲ್ಲಿ ತಲೆಹಾಕುವುದೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಅದಕ್ಕೆ ನನ್ನ ಉತ್ತರವಿಷ್ಟೆ: ಆ ಲೆಕ್ಕದಲ್ಲಿ ಮಕ್ಕಳು ಎಡವುವುದು ಗುಣಾಕಾರ ಭಾಗಾಕಾರಗಳಲ್ಲಿ ಅಲ್ಲ, ಮಾತಿನಲ್ಲಿ. ಯಾವ ಶಬ್ದವು ಯಾವ ಸಂಗತಿಯನ್ನು ಹೇಳುತ್ತದೆ ಎಂಬುದು ಮನಸ್ಸಿಗೆ ಹತ್ತದೆ ಸೂತ್ರವೊಂದನ್ನೇ ಬಾಯಿಪಾಠ ಮಾಡಿದವರು, ನೇರ ಪ್ರವಾಹದಿಂದ ಓಡುವ ಮೋಟಾರು, ಅಂದರೆ ಜನರು ಡಿ.ಸಿ. ಮೋಟಾರೆನ್ನುವ ಯಂತ್ರವು ಎದುರಿಗೆ ಬಂದೊಡನೆ ದಾರಿ ತಪ್ಪುತ್ತಾರೆ. ಮಾತಿನ ತೊಡಕನ್ನು ಬಿಡಿಸುವುದು ಭಾಷಾಶಿಕ್ಷಕನ ಕರ್ತವ್ಯವಾದುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳುವುದು ಅನುಚಿತವಾಗದೆಂದು ನಂಬಿದ್ದೇನೆ.

ಪುಣೆಯ ಕನ್ನಡಿಗರ ಮಕ್ಕಳ ಸ್ಥಿತಿಯನ್ನು ಮೊದಲು ನೋಡೋಣ. ನಾನು ವಾಸವಾಗಿರುವ ವಿಮಾನ ನಗರದಲ್ಲಿ ಗಗನಚುಂಬಿ ಕಟ್ಟಡಗಳ ಕಚೇರಿಗಳಲ್ಲಿ ಕುಳಿತು ದುಡಿಯುವ ಕನ್ನಡಿಗರೂ ಇದ್ದಾರೆ. ಅಂಥ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಕನ್ನಡಿಗರೂ ಇದ್ದಾರೆ. ನಾನೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನೇ. ಮ್ಯಾಟ್ರಿಕ್ಕಿನವರೆಗೆ ಓದಿದ್ದೆಲ್ಲವೂ ಕನ್ನಡದಲ್ಲಿಯೇ. ನಮ್ಮ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಬಹುದು. 1967ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರದ ಪಾಠ್ಯಪುಸ್ತಕ ಮಂಡಲವು ಇದೇ ಪುಣೆಯಿಂದ ಕನ್ನಡದಲ್ಲಿಯೂ ವಿಜ್ಞಾನದ ಪುಸ್ತಕಗಳನ್ನು ಹೊರತರುತ್ತಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಹತ್ತನೆಯ ತರಗತಿ ಮುಗಿದ ಮರುದಿನವೇ ಮಗುವು ಬೇರೆ ಭಾಷೆಯ ತರಗತಿಯಲ್ಲಿ ಕುಳಿತುಕೊಳ್ಳಬೇಕು. ಕಾಲೇಜಿಗೆ ಹೋದರೆ ಇಂಗ್ಲಿಷು, ಐ.ಟಿ.ಐ.ಯಲ್ಲಿ ವೈರ್‌ಮನ್ ಅಥವಾ ಇಲೆಕ್ಟ್ರಿಶಿಯನ್ ಕಸಬು ಹಿಡಿದರೆ ಮರಾಠಿ, ಇಂಗ್ಲಿಷು ಎರಡೂ. ಆಗ ಕೇಳಿಬರುವ ಮಾತು ಒಂದೇ: "ಕನ್ನಡದಲ್ಲಿ ಓದಿದರೆ ವಿಜ್ಞಾನ ತಲೆಗೆ ಹತ್ತುವುದಿಲ್ಲ." ಈ ಮಾತನ್ನು ನಂಬಿ ಎಷ್ಟೋ ಮಂದಿ ತಾಯಿತಂದೆಗಳು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಾರೆ. ಇದು ನಿಜವೋ ಸುಳ್ಳೋ ಎಂಬುದನ್ನು ವಾದದಿಂದ ತೀರ್ಮಾನಿಸಲಾಗದು. ಒಂದು ಲೆಕ್ಕದಿಂದ ತೀರ್ಮಾನಿಸಬಹುದು. ಆ ಲೆಕ್ಕವಾಗಿ ನಾನು ಮೋಟಾರನ್ನು ಆರಿಸಿಕೊಂಡಿದ್ದೇನೆ.

ಮೊದಲ ತೊಡಕು 'ಕರೆಂಟು' ಎಂಬ ಶಬ್ದದಲ್ಲಿಯೇ ಇದೆ. ದೀಪ ಆರಿದರೆ "ಕರೆಂಟು ಹೋಯಿತು" ಎನ್ನುತ್ತೇವೆ. ತಂತಿ ಮುಟ್ಟಿದವನಿಗೆ "ಕರೆಂಟು ಹೊಡೆಯಿತು" ಎನ್ನುತ್ತೇವೆ. ತಿಂಗಳ ಕೊನೆಗೆ "ಕರೆಂಟಿನ ಬಿಲ್ಲು" ಕಟ್ಟುತ್ತೇವೆ. ದೀಪ ಮಂದವಾದರೆ "ಕರೆಂಟು ಕಡಿಮೆಯಾಗಿದೆ" ಎನ್ನುತ್ತೇವೆ. ವಾಸ್ತವದಲ್ಲಿ ಇವು ಒಂದೇ ಸಂಗತಿಯಲ್ಲ. ಬಿಲ್ಲಿನಲ್ಲಿ ನಾವು ಹಣ ತೆರುವುದು ಬಳಸಿದ ಶಕ್ತಿಗೆ. ದೀಪ ಮಂದವಾಗುವುದು ಒತ್ತಡ ಕುಗ್ಗಿದಾಗ. ಮನೆಯ ಮಾತಿಗೆ ಇಷ್ಟು ಸಡಿಲವು ಸಾಕು. ಅದನ್ನು ಯಾರೂ ದೂಷಿಸಬೇಕಾಗಿಲ್ಲ. ಆದರೆ ಅದೇ ಸಡಿಲವಾದ ಶಬ್ದವನ್ನು ಹಿಡಿದು ಲೆಕ್ಕಕ್ಕೆ ಹೊರಟವನು ಸೇರು, ಮೊಳ, ರೂಪಾಯಿ ಮೂರಕ್ಕೂ ಒಂದೇ ಹೆಸರಿಟ್ಟುಕೊಂಡು ಸಂತೆಗೆ ಹೋದವನಂತಾಗುತ್ತಾನೆ.

ನಮ್ಮ ಪಠ್ಯಗಳಲ್ಲಿರುವ ಕನ್ನಡ ಶಬ್ದಗಳು ಈ ಗೊಂದಲವನ್ನು ಪರಿಹರಿಸುವುದಕ್ಕಾಗಿಯೇ ಇವೆ. ಕೃಷ್ಣೆಯ ನಾರಾಯಣಪುರ ಕಾಲುವೆಯ ಸೀಮೆಯಿಂದ ಬಂದ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನೀರು ಎಷ್ಟು ಎತ್ತರದಿಂದ ಇಳಿಯುತ್ತದೆಯೋ ಅದು ಒತ್ತಡ, ವಿದ್ಯುತ್ತಿನಲ್ಲಿ ಇದನ್ನು ವಿಭವಾಂತರವೆಂದೂ ವಿದ್ಯುದೊತ್ತಡವೆಂದೂ ಕರೆಯುತ್ತೇವೆ, ಅಳತೆ ವೋಲ್ಟ್. ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆಯೋ ಅದು ಪ್ರವಾಹ, ಅಳತೆ ಆಂಪಿಯರ್. ಹರಿವಿಗೆ ಕಾಲುವೆಯ ಇಕ್ಕಟ್ಟು ಒಡ್ಡುವ ತಡೆ ರೋಧ, ಅಳತೆ ಓಮ್. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಸಿಕ್ಕುವುದು ಸಾಮರ್ಥ್ಯ, ಅಂದರೆ ಕೆಲಸ ನಡೆಯುವ ವೇಗ, ಅಳತೆ ವಾಟ್. ಹೊಲದ ಪಂಪಿನ ಮೇಲೆ ಕಾಣುವ ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವಾಟ್. ಒಂದು ಸಾವಿರ ವಾಟಿನ ಸಾಮರ್ಥ್ಯವನ್ನು ಒಂದು ತಾಸು ಬಳಸಿದರೆ ಆಗುವುದು ಒಂದು ಯೂನಿಟ್, ಅದು ಶಕ್ತಿ. ಶಕ್ತಿ, ಸಾಮರ್ಥ್ಯ, ಬಲ ಎಂಬ ಮೂರು ಪದಗಳನ್ನು ಕಾವ್ಯದಲ್ಲಿ ಒಂದರ ಬದಲು ಒಂದನ್ನು ಬಳಸಬಹುದು, ವಿಜ್ಞಾನದಲ್ಲಿ ಬಳಸಕೂಡದು.

ಇನ್ನು ಲೆಕ್ಕಕ್ಕೆ ಬರೋಣ. ಆಟಿಕೆಯ ಕಾರಿನೊಳಗಿರುವಂಥ ಒಂದು ಚಿಕ್ಕ ಮೋಟಾರಿದೆ. ಅದರ ಸುರುಳಿಯ ರೋಧ 2 ಓಮ್. ಅದಕ್ಕೆ 6 ವೋಲ್ಟಿನ ಬ್ಯಾಟರಿಯನ್ನು ಜೋಡಿಸಿದೆ ಎಂದು ಭಾವಿಸಿರಿ. ಪ್ರವಾಹವೆಷ್ಟು? ಓಮನ ನಿಯಮವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಕೂಡಲೇ 6ನ್ನು 2ರಿಂದ ಭಾಗಿಸಿ "3 ಆಂಪಿಯರ್" ಎನ್ನುತ್ತಾನೆ. ಬಲ್ಬಿನ ತಂತಿಯ ವಿಷಯದಲ್ಲಾಗಿದ್ದರೆ ಈ ದಾರಿ ಸರಿಯೇ. ಆದರೆ ತಿರುಗುತ್ತಿರುವ ಮೋಟಾರಿಗೆ ಆಂಪಿಯರ್ ಮಾಪಕವನ್ನು ಜೋಡಿಸಿ ನೋಡಿದರೆ ಅದು ಮೂರರ ಹತ್ತಿರಕ್ಕೂ ಬರುವುದಿಲ್ಲ. ಹೊರೆಯಿಲ್ಲದೆ ತಿರುಗುವಾಗ 0.3 ಆಂಪಿಯರ್ ತೋರಿಸಿತು ಎಂದಿಟ್ಟುಕೊಳ್ಳೋಣ. ಸೂತ್ರ ಸುಳ್ಳಾಯಿತೇ? ಇಲ್ಲ. ಲೆಕ್ಕದಿಂದ ಒಂದು ಸಂಗತಿ ಬಿಟ್ಟುಹೋಗಿದೆ.

ಆ ಸಂಗತಿಯಾವುದು? ಅಯಸ್ಕಾಂತದ ನಡುವೆ ಸುರುಳಿಯು ತಿರುಗಿದರೆ ಅದರಲ್ಲಿ ವಿದ್ಯುದೊತ್ತಡ ಹುಟ್ಟುತ್ತದೆಂಬುದನ್ನು ಮೈಕೇಲ್ ಫ್ಯಾರಡೆಯವರು 1831ರಲ್ಲಿ ತೋರಿಸಿದರು. ಸೈಕಲ್ಲಿನ ಡೈನಮೊ ಕೆಲಸ ಮಾಡುವುದು ಈ ತತ್ತ್ವದಿಂದಲೇ. ಮೋಟಾರಿನ ಸುರುಳಿಯೂ ಅಯಸ್ಕಾಂತದ ನಡುವೆಯೇ ತಿರುಗುತ್ತಿರುವುದಷ್ಟೆ! ತನ್ನನ್ನು ತಿರುಗಿಸುತ್ತಿರುವುದು ಬ್ಯಾಟರಿಯೋ ಮನುಷ್ಯನ ಕೈಯೋ ಎಂಬುದು ಸುರುಳಿಗೆ ತಿಳಿಯದು. ಆದುದರಿಂದ ಅದು ತಿರುಗುತ್ತಲೇ ಡೈನಮೊ ಕೂಡ ಆಗುತ್ತದೆ, ಬ್ಯಾಟರಿಗೆ ವಿರುದ್ಧವಾಗಿ ತಾನೊಂದು ಒತ್ತಡವನ್ನು ಹುಟ್ಟಿಸುತ್ತದೆ. ಎರಡೂ ಒಂದೇ ಯಂತ್ರವೆಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು 1873ರ ವಿಯೆನ್ನಾ ಪ್ರದರ್ಶನದಲ್ಲಿ. ಅಲ್ಲಿ ಗ್ರಾಮ್ ಎಂಬವರ ಡೈನಮೊ ಒಂದಕ್ಕೆ ಇನ್ನೊಂದು ಡೈನಮೊದ ತಂತಿಗಳನ್ನು ಜೋಡಿಸಿದಾಗ ಅದು ಮೋಟಾರಾಗಿ ತಿರುಗಿತು. ಈ ವಿರುದ್ಧ ಒತ್ತಡಕ್ಕೆ ಪುಸ್ತಕಗಳಲ್ಲಿ ಹಿಮ್ಮುಖ ವಿದ್ಯುಚ್ಚಾಲಕ ಬಲವೆಂಬ ಹೆಸರಿದೆ. ಹೆಸರು ಶುದ್ಧವಾಗಿದೆ, ಆದರೆ ಭಾರವಾಗಿದೆ; ಅಲ್ಲದೆ ಅದು ಬಲವೂ ಅಲ್ಲ, ಅದರ ಅಳತೆ ವೋಲ್ಟಿನಲ್ಲಿ. ಮಕ್ಕಳ ಮುಂದೆ 'ಎದುರೊತ್ತಡ' ಎಂದರೆ ಸಾಕೆಂಬುದು ನನ್ನ ಸೂಚನೆ. ಶಬ್ದ ಕಿವಿಗೆ ಬಿದ್ದೊಡನೆ ಅರ್ಥವೂ ಹೊಳೆಯುತ್ತದೆ.

ಈಗ ಲೆಕ್ಕವು ತಾನಾಗಿಯೇ ನೇರವಾಗುತ್ತದೆ. ಬ್ಯಾಟರಿಯ ಒತ್ತಡದಿಂದ ಎದುರೊತ್ತಡವನ್ನು ಕಳೆಯಬೇಕು, ಉಳಿದುದನ್ನು ರೋಧದಿಂದ ಭಾಗಿಸಬೇಕು, ಅದೇ ಪ್ರವಾಹ. ಪ್ರವಾಹ 0.3 ಆಂಪಿಯರ್ ಇದ್ದಾಗ ರೋಧವು ತಿನ್ನುವ ಒತ್ತಡ 0.6 ವೋಲ್ಟ್, ಆದುದರಿಂದ ಎದುರೊತ್ತಡ 5.4 ವೋಲ್ಟ್. ಮೋಟಾರಿಗೆ ಹೊರೆ ಹಾಕಿದರೆ ಅದರ ವೇಗ ತಗ್ಗುತ್ತದೆ. ವೇಗದೊಡನೆ ಎದುರೊತ್ತಡವೂ ತಗ್ಗುತ್ತದೆ. ಆಗ ಪ್ರವಾಹ ಹೆಚ್ಚುತ್ತದೆ. ಹೊರೆ ಹೆಚ್ಚಿದಂತೆ ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯುವುದರ ರಹಸ್ಯ ಇಷ್ಟೇ.

ಸಾಮರ್ಥ್ಯದ ಲೆಕ್ಕ ಇದಕ್ಕಿಂತ ಸ್ವಾರಸ್ಯವಾದುದು. ಬ್ಯಾಟರಿಯಿಂದ ಬರುವ ಸಾಮರ್ಥ್ಯ ಎರಡು ಪಾಲಾಗುತ್ತದೆ. ಎದುರೊತ್ತಡವನ್ನು ಪ್ರವಾಹದಿಂದ ಗುಣಿಸಿದಷ್ಟು ಭಾಗ ತಿರುಗುವ ಕೆಲಸಕ್ಕೆ ಸಲ್ಲುತ್ತದೆ. ಅದರಲ್ಲಿಯೇ ಅಲ್ಪಾಂಶ ಘರ್ಷಣೆಗೂ ಹೋಗುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಭಾಗ ಸುರುಳಿಯಲ್ಲಿ ಕಾವಾಗಿ ವ್ಯರ್ಥವಾಗುತ್ತದೆ. ನಮ್ಮ ಮೋಟಾರು 1 ಆಂಪಿಯರ್ ಎಳೆಯುವಷ್ಟು ಹೊರೆಯಲ್ಲಿ ಬ್ಯಾಟರಿ ಕೊಡುವುದು 6 ವಾಟ್. ಎದುರೊತ್ತಡ 4 ವೋಲ್ಟಾದುದರಿಂದ ಕೆಲಸಕ್ಕೆ 4 ವಾಟ್, ಕಾವಿಗೆ 2 ವಾಟ್. ಹೊರೆಯನ್ನು ಇನ್ನೂ ಹೆಚ್ಚಿಸಿ ಪ್ರವಾಹ 2 ಆಂಪಿಯರ್ ಆಗುವಂತೆ ಮಾಡಿರಿ. ಬ್ಯಾಟರಿ ಕೊಡುವುದು 12 ವಾಟ್. ಕೆಲಸವೂ ಇಮ್ಮಡಿಸಿತೇ? ಇಲ್ಲ. ಎದುರೊತ್ತಡ 2 ವೋಲ್ಟಿಗಿಳಿದಿದೆ. ಕೆಲಸಕ್ಕೆ ದೊರೆಯುವುದು ಮೊದಲಿನ 4 ವಾಟೇ. ಕಾವು ಮಾತ್ರ 8 ವಾಟಿಗೇರಿದೆ. ಅಷ್ಟೇ ದುಡಿಮೆಗೆ ನಾಲ್ಕು ಪಟ್ಟು ಬೇಗೆ! ಇನ್ನು ಚಕ್ರವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರೆ ಎದುರೊತ್ತಡ ಸೊನ್ನೆ. ಆಗ ಮಾತ್ರ ಬಾಯಿಪಾಠದ 3 ಆಂಪಿಯರ್ ಸತ್ಯವಾಗುತ್ತದೆ. ಬಂದ 18 ವಾಟೂ ಕಾವಾಗುತ್ತದೆ, ಕೆಲಸ ಸೊನ್ನೆ.

ಅಂದರೆ ಬಾಯಿಪಾಠದ ಉತ್ತರವು ಕೆಟ್ಟು ನಿಂತ ಮೋಟಾರಿನ ಉತ್ತರ. ಸೂತ್ರವನ್ನು ಮಾತ್ರ ಬಲ್ಲವನಿಗೆ ಓಡುವ ಮೋಟಾರಿಗೂ ಸಿಕ್ಕಿಕೊಂಡು ಸುಡುವ ಮೋಟಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಈ ವ್ಯತ್ಯಾಸ ಪರೀಕ್ಷೆಯ ಎರಡು ಅಂಕಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಮಳೆಗಾಲದಲ್ಲಿ ಮೋಟಾರು ಗಾಡಿಯ ಗಾಜನ್ನೊರೆಸುವ ವೈಪರ್ ಕಸಕ್ಕೆ ಸಿಕ್ಕಿ ನಿಂತರೆ ಫ್ಯೂಸ್ ಹೋಗುವುದೇಕೆ? ಗಾಡಿಯ ಎಂಜಿನನ್ನು ಚಾಲೂ ಮಾಡುವ ಕ್ಷಣದಲ್ಲಿ ದೀಪ ಮಂಕಾಗುವುದೇಕೆ? ಎರಡೂ 12 ವೋಲ್ಟಿನ ಬ್ಯಾಟರಿಯ ಡಿ.ಸಿ. ಮೋಟಾರುಗಳೇ. ನಿಂತ ಮೋಟಾರಿಗೆ ಎದುರೊತ್ತಡವಿಲ್ಲ. ಆದುದರಿಂದ ಪ್ರವಾಹವು ಕಟ್ಟೆಯೊಡೆದಂತೆ ನುಗ್ಗುತ್ತದೆ. ಸ್ಟಾರ್ಟರ್ ಮೋಟಾರು ಒಂದೆರಡು ಸೆಕೆಂಡುಗಳಲ್ಲಿ ಕೆಲಸ ಮುಗಿಸಿ ವಿರಮಿಸುವುದರಿಂದ ಬದುಕಿಕೊಳ್ಳುತ್ತದೆ. ಗುಂಡಿಯನ್ನು ಬಿಡದೆ ಒತ್ತಿ ಹಿಡಿದರೆ ಸುಡುತ್ತದೆ. ರಿಕ್ಷಾ ಓಡಿಸುವ ತಂದೆಯ ಮಗನಿಗೆ ಈ ಲೆಕ್ಕ ತಿಳಿದರೆ ಮನೆಯ ಒಂದು ಖರ್ಚು ಉಳಿದೀತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಮೋಟಾರಿಗೂ ಸಲ್ಲುತ್ತದೆ. ಅದರ ಹಾಸಿಗೆಯ ಅಳತೆಯನ್ನು ಮೈಮೇಲಿನ ಪಟ್ಟಿಯಲ್ಲಿ ವೋಲ್ಟ್, ಆಂಪಿಯರ್, ವಾಟ್ ಎಂದು ಬರೆದಿರುತ್ತಾರೆ.

ಚಿಕ್ಕ ಆಟಿಕೆಗೆ ಸಲ್ಲುವ ಈ ನಿಯಮವೇ ಪುಣೆಯ ರೈಲಿಗೂ ಸಂದಿತ್ತು. 1925ನೆಯ ಫೆಬ್ರುವರಿ 3ರಂದು ಮುಂಬಯಿಯಿಂದ ಕುರ್ಲೆಗೆ ಭಾರತದ ಮೊದಲ ವಿದ್ಯುತ್ ರೈಲು ಓಡಿತು. 1,500 ವೋಲ್ಟಿನ ನೇರ ಪ್ರವಾಹದ ಆ ತಂತಿ 1930ರ ಹೊತ್ತಿಗೆ ಘಟ್ಟವನ್ನೇರಿ ಪುಣೆಯನ್ನು ಮುಟ್ಟಿತು. ಡೆಕ್ಕನ್ ಕ್ವೀನ್ ಗಾಡಿ ಆರಂಭವಾದದ್ದು 1930ರ ಜೂನ್ 1ರಂದು. ಬೋರ್ ಘಟ್ಟದಲ್ಲಿ 37 ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಚಡಾವು. ಅಲ್ಲಿ ಸರಕಿನ ಗಾಡಿಗಳನ್ನು ಎಳೆದ ಒಂದು ಜಾತಿಯ ಎಂಜಿನಿನ ಸಾಮರ್ಥ್ಯ ಸುಮಾರು 2,600 ಅಶ್ವಶಕ್ತಿ. ಅಂಥ ಎಂಜಿನನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. 2,600ನ್ನು 746ರಿಂದ ಗುಣಿಸಿದರೆ ಸುಮಾರು 19 ಲಕ್ಷ 40 ಸಾವಿರ ವಾಟ್. ಅದನ್ನು 1,500ರಿಂದ ಭಾಗಿಸಿದರೆ, ವ್ಯರ್ಥವಾಗುವುದನ್ನು ಬಿಟ್ಟು ಲೆಕ್ಕ ಹಾಕಿದರೂ ಸುಮಾರು 1,300 ಆಂಪಿಯರ್! ನಿಂತ ಗಾಡಿ ಹೊರಡುವಾಗ ಎದುರೊತ್ತಡವಿಲ್ಲದ ಮೋಟಾರುಗಳಿಗೆ ಪೂರ್ಣ ಒತ್ತಡವನ್ನು ಒಮ್ಮೆಲೇ ಕೊಟ್ಟಿದ್ದರೆ ಸುರುಳಿಗಳು ಉಳಿಯುತ್ತಿರಲಿಲ್ಲ. ಆದುದರಿಂದ ಚಾಲಕನು ಮೊದಲು ಹೆಚ್ಚಿನ ರೋಧಗಳನ್ನು ನಡುವೆ ಜೋಡಿಸಿ, ಗಾಡಿ ವೇಗ ಹಿಡಿದಂತೆ ಒಂದೊಂದನ್ನೇ ಕಳಚುತ್ತ ಹೋಗುತ್ತಿದ್ದನು. ಎದುರೊತ್ತಡ ಹುಟ್ಟುವವರೆಗೆ ಅದರ ಕೆಲಸವನ್ನು ರೋಧಗಳಿಂದ ಮಾಡಿಸುವ ಜಾಣ್ಮೆ ಅದು.

2010ರಿಂದ 2015ರೊಳಗೆ ಈ ಮಾರ್ಗವು 25,000 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಬದಲಾಯಿತು. ಬದಲಾವಣೆಯ ಕಾರಣವೂ ಇದೇ ಲೆಕ್ಕದಲ್ಲಿ ಅಡಗಿದೆ. ಅಷ್ಟೇ ಸಾಮರ್ಥ್ಯವನ್ನು 25,000 ವೋಲ್ಟಿನಲ್ಲಿ ಒಯ್ದರೆ ಸ್ಥೂಲವಾಗಿ 78 ಆಂಪಿಯರ್ ಸಾಕು. ತಂತಿಯ ಕಾವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಉಳಿತಾಯವೆಷ್ಟೆಂಬುದನ್ನು ವಿದ್ಯಾರ್ಥಿಗಳೇ ಎಣಿಸಿ ನೋಡಲಿ.

ನನ್ನ ಸಲಹೆಗೆ ಆಕ್ಷೇಪಗಳು ಬರುವುದು ನಿಶ್ಚಿತ. "ಡಿ.ಸಿ. ಮೋಟಾರು ಹಳೆಯ ಕಾಲದ್ದು. ಇನ್ನೇಕೆ ಅದರ ಗೊಡವೆ?" ಎಂಬುದು ಮೊದಲನೆಯದು. ನಮ್ಮ ವಿಮಾನ ನಗರದ ಮಗ್ಗುಲಲ್ಲಿರುವ ರಾಮವಾಡಿಗೆ 2024ರ ಮಾರ್ಚಿನಲ್ಲಿ ಬಂದ ಮೆಟ್ರೊ ಗಾಡಿಯ ಮೋಟಾರು ಪರ್ಯಾಯ ಪ್ರವಾಹದ್ದೆಂಬುದು ನಿಜ. ಆದರೆ ನಿಲ್ದಾಣ ಸಮೀಪಿಸಿದಾಗ ಅದೂ ಡೈನಮೊ ಆಗಿ, ಗಾಡಿಯ ವೇಗವನ್ನು ವಿದ್ಯುತ್ತಾಗಿ ತಂತಿಗೆ ಹಿಂದಿರುಗಿಸುತ್ತದೆ. ಇಂದು ಬೀದಿ ತುಂಬ ಓಡುತ್ತಿರುವ ಬ್ಯಾಟರಿಯ ಸ್ಕೂಟರುಗಳಲ್ಲಿ ಬ್ರಶ್ಶುಗಳಿಲ್ಲದ ಮೋಟಾರುಗಳಿವೆ. ಅವುಗಳಿಗೂ ಎದುರೊತ್ತಡ ತಪ್ಪಿದ್ದಲ್ಲ. 48 ವೋಲ್ಟಿನ ಬ್ಯಾಟರಿಯಿಂದ 4,800 ವಾಟ್ ಎಳೆದರೆ ಪ್ರವಾಹ 100 ಆಂಪಿಯರೆಂಬ ಎಣಿಕೆ ಹೊಸ ವಾಹನಕ್ಕೂ ಅದೇ. ಯಂತ್ರಗಳ ವೇಷ ಬದಲಾಗುತ್ತದೆ, ತತ್ತ್ವ ಬದಲಾಗುವುದಿಲ್ಲ.

"ಇದು ಪರೀಕ್ಷೆಗೆ ಬರುವುದಿಲ್ಲ" ಎಂಬುದು ಎರಡನೆಯ ಆಕ್ಷೇಪ. ಮೋಟಾರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು, ಫ್ಲೆಮಿಂಗರ ಎಡಗೈ ನಿಯಮವನ್ನು ಹೇಳುವುದು ಪರೀಕ್ಷೆಗೆ ಸಾಕಾಗಬಹುದು. ಆದರೆ ಎತ್ತಿನ ಚಿತ್ರ ಬರೆದವನಿಗೆಲ್ಲ ಉಳುಮೆ ಬರುವುದಿಲ್ಲ. ಮುಂದೆ ಐ.ಟಿ.ಐ.ಯ ಕಾರ್ಯಶಾಲೆಯಲ್ಲಾಗಲಿ ಕಾಲೇಜಿನ ಪ್ರಯೋಗಶಾಲೆಯಲ್ಲಾಗಲಿ ಕೇಳುವ ಪ್ರಶ್ನೆ 'ಎಷ್ಟು' ಎಂಬುದು. ಅದಕ್ಕೆ ಸಿದ್ಧನಾಗಿ ಹೋದ ಹುಡುಗನು ಭಾಷೆ ಬದಲಾದ ಕಷ್ಟವೊಂದನ್ನೇ ಎದುರಿಸುತ್ತಾನೆ. ಸಿದ್ಧನಾಗದವನು ಭಾಷೆ, ವಿಷಯ ಎರಡರ ಕಷ್ಟವನ್ನೂ ಒಟ್ಟಿಗೆ ಹೊರುತ್ತಾನೆ, ಕೊನೆಗೆ ದೋಷವನ್ನೆಲ್ಲ ಕನ್ನಡದ ತಲೆಗೆ ಕಟ್ಟುತ್ತಾನೆ.

"ಹೇಗಿದ್ದರೂ ಮುಂದೆ ಇಂಗ್ಲಿಷ್ ಶಬ್ದಗಳೇ ಬರುವಾಗ ಕನ್ನಡ ಶಬ್ದಗಳೇಕೆ?" ಎಂಬುದು ಮೂರನೆಯದು. ಇಂಗ್ಲಿಷ್ ಶಬ್ದಗಳನ್ನು ಕಲಿಯಬಾರದೆಂದು ನಾನು ಹೇಳುವುದಿಲ್ಲ, ಕಲಿಯಲೇಬೇಕು. ಆದರೆ ಹೆಸರು ತಿಳಿದ ಮಾತ್ರಕ್ಕೆ ಸಂಗತಿ ತಿಳಿಯದು. ಸಂಗತಿ ತಿಳಿದವನಿಗೆ ಇನ್ನೊಂದು ಹೆಸರು ಕಲಿಯಲು ಒಂದು ಸಂಜೆ ಸಾಕು. ಕನ್ನಡದಲ್ಲಿ ವಿಜ್ಞಾನವನ್ನು ಹೇಳುವುದು ಹೊಸ ಸಾಹಸವೂ ಅಲ್ಲ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ರಚಿಸಿದರು. ಯಂತ್ರವೂ ನಮಗೆ ಪರಕೀಯವಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರಖಾನೆಯನ್ನು ತೆರೆದರು.

ಹಾಗಾದರೆ ಮಾಡಬೇಕಾದುದೇನು? ಬಹಳವೇನೂ ಬೇಡ. ಕೆಟ್ಟ ಆಟಿಕೆಯಿಂದ ಬಿಚ್ಚಿದ ಒಂದು ಮೋಟಾರು, ಕೆಲವು ಶುಷ್ಕಕೋಶಗಳು, ಒಂದು ಮಲ್ಟಿಮೀಟರು, ಒಂದು ವಹಿ. ಮೊದಲು ಮೋಟಾರಿಗೆ ಬ್ಯಾಟರಿಯನ್ನು ಜೋಡಿಸದೆ ಮಾಪಕವನ್ನು ಮಾತ್ರ ಜೋಡಿಸಿ ಅಚ್ಚನ್ನು ಕೈಯಿಂದ ತಿರುಗಿಸಿ ನೋಡಬೇಕು. ಮಾಪಕದಲ್ಲಿ ಒತ್ತಡ ಕಾಣಿಸುತ್ತದೆ. ಎದುರೊತ್ತಡವು ಕಲ್ಪನೆಯಲ್ಲ, ಸತ್ಯವೆಂಬುದು ಆ ಕ್ಷಣದಲ್ಲಿ ಮನವರಿಕೆಯಾಗುತ್ತದೆ. ಅನಂತರ ಬ್ಯಾಟರಿಯನ್ನು ಜೋಡಿಸಿ ಹೊರೆಯಿಲ್ಲದೆ, ಸ್ವಲ್ಪ ಹೊರೆಯಿಂದ, ಕ್ಷಣಮಾತ್ರ ಹಿಡಿದು ನಿಲ್ಲಿಸಿ, ಹೀಗೆ ಮೂರು ಬಗೆಯಲ್ಲಿ ಒತ್ತಡವನ್ನೂ ಪ್ರವಾಹವನ್ನೂ ಅಳೆಯಬೇಕು. ಪ್ರವಾಹವನ್ನು ಅಳೆಯುವಾಗ ಮಾಪಕವು ಮೋಟಾರಿನೊಡನೆ ಸರಣಿಯಲ್ಲಿರಬೇಕು, ಒತ್ತಡವನ್ನು ಅಳೆಯುವಾಗ ಸಮಾಂತರವಾಗಿರಬೇಕು. ಒತ್ತಡವನ್ನು ಮೋಟಾರಿನ ತುದಿಗಳಲ್ಲಿಯೇ ಅಳೆಯುವುದು ಅವಶ್ಯಕ. ಏಕೆಂದರೆ ಕೋಶಕ್ಕೂ ತನ್ನದೇ ಆದ ಒಳರೋಧವಿದ್ದು, ಹೆಚ್ಚು ಪ್ರವಾಹ ಹರಿದಾಗ ಅದರ ಒತ್ತಡ ಕುಗ್ಗುತ್ತದೆ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಮಾತ್ರ ಈ ಪ್ರಯೋಗಕ್ಕೆ ಯಾರೂ ಮುಟ್ಟಕೂಡದು. ಅಳೆದುದನ್ನೂ ಎಣಿಸಿದುದನ್ನೂ ವಹಿಯಲ್ಲಿ ಪೂರ್ಣ ಕನ್ನಡ ವಾಕ್ಯಗಳಲ್ಲಿ ಬರೆಯಬೇಕು. ಆ ಬರಹವನ್ನು ವಿಜ್ಞಾನದ ಗುರುಗಳು ಒಮ್ಮೆ, ಕನ್ನಡದ ಗುರುಗಳು ಒಮ್ಮೆ ತಿದ್ದಬೇಕು. ನಿಬಂಧವೆಂದರೆ ವಸಂತಕಾಲದ ವರ್ಣನೆಯೊಂದೇ ಎಂಬ ರೂಢಿ ಇನ್ನು ಸಾಕು. "ಮೋಟಾರು ನಿಂತಾಗ ಏಕೆ ಬಿಸಿಯಾಗುತ್ತದೆ?" ಎಂಬುದನ್ನು ಹತ್ತು ಸಾಲುಗಳಲ್ಲಿ ಗೊಂದಲವಿಲ್ಲದೆ ಬರೆಯಬಲ್ಲ ಹುಡುಗಿಯ ಕನ್ನಡವನ್ನು ನಾನು ಉತ್ತಮ ಕನ್ನಡವೆಂದೇ ಗಣಿಸುತ್ತೇನೆ.

ಪರನಾಡಿನಲ್ಲಿ ಕನ್ನಡ ಶಾಲೆಯು ಉಳಿಯಬೇಕಾದರೆ ಉತ್ಸವದ ಭಾಷಣಗಳೊಂದೇ ಸಾಲವು. ಇಲ್ಲಿ ಓದಿದ ಮಗುವು ಎಲ್ಲಿಗೆ ಹೋದರೂ ತಿಳಿದು ಲೆಕ್ಕ ಮಾಡುತ್ತದೆಂಬ ಹೆಸರು ನಮಗೆ ಬರಬೇಕು. ಕೂಲಿ ಮಾಡಿ ಮಕ್ಕಳನ್ನು ಓದಿಸುವ ತಾಯಿತಂದೆಗಳಿಗೆ ನಾವು ಕೊಡಬಹುದಾದ ಉತ್ತರ ಅದೊಂದೇ. ವಿಜ್ಞಾನದ ಗುರುಗಳು ಮೋಟಾರನ್ನು ತರಲಿ. ಶಬ್ದಗಳ ಹೊಣೆಯನ್ನು ಕನ್ನಡದ ಗುರುಗಳಾದ ನಾವು ಹೊರುತ್ತೇವೆ. ಬರುವ ವರ್ಷದ ಈ ಸಂಚಿಕೆಯಲ್ಲಿ ಈ ವಿಷಯವನ್ನು ನಾನಲ್ಲ, ಅಳೆದು ನೋಡಿದ ವಿದ್ಯಾರ್ಥಿಯೊಬ್ಬರು ಬರೆಯುವಂತಾಗಲಿ.